ತೋಟದ ಮನೆಗೆ ಸಿಡಿಲು ರಕ್ಷಣೆ: ಯಾವುದಕ್ಕೆ ಹಣ ಹಾಕಬೇಕು, ಯಾವುದಕ್ಕೆ ಬೇಡ

ಏಪ್ರಿಲ್ ಬಂತೆಂದರೆ ತೋಟದ ಮನೆ ಇರುವವರಿಂದ ಒಂದೇ ಥರದ ಪ್ರಶ್ನೆ ಬರುತ್ತದೆ. “ಗುಡ್ಡದ ಮೇಲೆ ಹಳೇ ಹೆಂಚಿನ ಮನೆ. ಸಿಡಿಲು ಹಿಡಿದು ನೆಲಕ್ಕಿಳಿಸೋ ಅರೆಸ್ಟರ್ ಹಾಕಿಸೋಣ ಅಂತಿದ್ದೇವೆ. ಒಬ್ಬರು ತಾಮ್ರದ ಕಡ್ಡಿ ಅಂತಾರೆ. ಇನ್ನೊಬ್ಬರು ಹೊಸ ಮಾದರಿಯ ಕಂಬ ನಿಲ್ಲಿಸಿದರೆ ಇಡೀ ತೋಟಕ್ಕೇ ರಕ್ಷಣೆ ಅಂತಾರೆ. ಎಲೆಕ್ಟ್ರಿಷಿಯನ್ ಕೇಳಿದರೆ ಬೋರ್ಡಿಗೆ ಒಂದು ಎಸ್‌ಪಿಡಿ ಸಾಕು ಅಂತಾನೆ. ಯಾರ ಮಾತು ಕೇಳೋದು?”

ಮೂವರೂ ಹೇಳುತ್ತಿರುವುದು ಬೇರೆ ಬೇರೆ ತೊಂದರೆಯ ಬಗ್ಗೆ. ಅದಕ್ಕೇ ಗೊಂದಲ. ಯಾವ ಸಾಮಾನು ಒಳ್ಳೆಯದು ಅಂತ ಕೇಳುವ ಮೊದಲು ನಿಮ್ಮ ಮನೆಗೆ ಸಿಡಿಲು ಯಾವ ದಾರಿಯಲ್ಲಿ ಬರಬಹುದು ಅಂತ ನೋಡಬೇಕು.

ಇಲ್ಲಿ ಬರೆಯುತ್ತಿರುವುದು ಈಗಾಗಲೇ ಕಟ್ಟಿ ವಾಸವಿರುವ ಮನೆಗಳ ಬಗ್ಗೆ ಮಾತ್ರ. ಹೊಸ ಮನೆಯಾದರೆ ಪಾಯದ ಕಬ್ಬಿಣವನ್ನೇ ಅರ್ತಿಂಗಿಗೆ ಬಳಸಿಕೊಳ್ಳಬಹುದು. ಹಳೇ ಮನೆಯಲ್ಲಿ ಎಲ್ಲವೂ ಹೊರಗಿನಿಂದಲೇ ಆಗಬೇಕು.

ಮೊದಲು ನಿಮ್ಮ ಮನೆಯನ್ನು ನೋಡಿ

ಸಿಡಿಲು ನೇರವಾಗಿ ಮಾಡಿಗೆ (ಛಾವಣಿಗೆ) ಹೊಡೆಯಬಹುದು. ದೂರದಲ್ಲೆಲ್ಲೋ ಕರೆಂಟ್ ಲೈನಿಗೆ ಹೊಡೆದು ತಂತಿಯ ಮೂಲಕ ಮನೆಗೆ ಬರಬಹುದು. ಪಕ್ಕದ ಮರಕ್ಕೆ ಹೊಡೆದು ಅಲ್ಲಿಂದ ಗೋಡೆಗೆ ಹಾರಬಹುದು. ಟಿವಿ, ಫ್ರಿಜ್, ಇನ್ವರ್ಟರ್, ಪಂಪಿನ ಸ್ಟಾರ್ಟರ್ ಸುಟ್ಟುಹೋಗುವುದು ಹೆಚ್ಚಾಗಿ ಎರಡನೇ ದಾರಿಯಿಂದ. ಮನೆಗೆ ಬೆಂಕಿ ಬೀಳುವ, ಪಕಾಸು ಸೀಳುವ ಭಯ ಇರುವುದು ಮೊದಲನೆಯದರಿಂದ.

ಆಮೇಲೆ ಮನೆ ಎಲ್ಲಿ ನಿಂತಿದೆ ಅಂತ ನೋಡಿ. ಗುಡ್ಡದ ನೆತ್ತಿಯಲ್ಲೋ, ಬಯಲಿನ ನಡುವೆ ಒಂಟಿಯಾಗಿಯೋ, ಸುತ್ತ ಎತ್ತರದ ಕಟ್ಟಡಗಳಿರುವ ತಗ್ಗಿನಲ್ಲೋ? ಮಾಡು ಹೆಂಚಿನದೋ, ತಗಡಿನದೋ, ಹುಲ್ಲಿನದೋ? ನೆಲ ಕಪ್ಪು ಮಣ್ಣೋ, ಜಂಬಿಟ್ಟಿಗೆಯೋ, ಬಂಡೆಯೋ? ಮನೆಯಲ್ಲಿ ಸದಾ ಜನ ಇರುತ್ತಾರೋ, ಹೋಂಸ್ಟೇಗೆ ಅತಿಥಿಗಳು ಬರುತ್ತಾರೋ, ಅಥವಾ ವರ್ಷದಲ್ಲಿ ಮುಕ್ಕಾಲು ಪಾಲು ಬೀಗ ಹಾಕಿರುತ್ತದೋ? ಹಣದ ಮಾತು ಇವೆಲ್ಲ ಆದ ಮೇಲೆ.

ಮರಗಳ ಬಗ್ಗೆ ಒಂದು ತಪ್ಪು ಧೈರ್ಯ ನಮ್ಮಲ್ಲಿದೆ. “ಸುತ್ತ ಸಿಲ್ವರ್ ಓಕ್ ಇದೆ, ತೆಂಗು ಇದೆ, ಹೊಡೆದರೆ ಅವಕ್ಕೇ ಹೊಡೆಯುತ್ತೆ” ಅನ್ನುತ್ತಾರೆ. ಹೊಡೆಯಬಹುದು ನಿಜ. ಆದರೆ ಮರ ಒಳ್ಳೆಯ ವಾಹಕ ಅಲ್ಲ. ಕಾಂಡದಲ್ಲಿ ಇಳಿಯುವ ಸಿಡಿಲಿಗೆ ಒಂದೆರಡು ಮೀಟರ್ ಪಕ್ಕದಲ್ಲಿ ಮನೆಯ ವೈರಿಂಗೋ ತಗಡೋ ಸಿಕ್ಕರೆ ಅತ್ತ ಹಾರುತ್ತದೆ. ಮಾಡಿಗೆ ತಾಗುವ ಮರ ರಕ್ಷಣೆ ಅಲ್ಲ, ಅಪಾಯ.

ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳೋಣ. 12 ಮೀಟರ್ ಉದ್ದ, 8 ಮೀಟರ್ ಅಗಲ. ಸೂರು 3 ಮೀಟರ್, ಮಾಡಿನ ಕೋಡು (ನೆತ್ತಿಯ ಅಂಚು) 6 ಮೀಟರ್ ಎತ್ತರ. ಮಂಗಳೂರು ಹೆಂಚು, ಮರದ ಪಕಾಸು, ರೀಪು. ಮಲೆನಾಡಿನಲ್ಲಿ ಇಂಥ ಮನೆ ಬೇಕಾದಷ್ಟಿವೆ.

ಆಯ್ಕೆ ಒಂದು: ಅರ್ತಿಂಗ್ ಮತ್ತು ಎಸ್‌ಪಿಡಿ ಮಾತ್ರ

ಎಸ್‌ಪಿಡಿ ಅಂದರೆ ಬೋರ್ಡಿನಲ್ಲಿ ಎಂಸಿಬಿ ಪಕ್ಕ ಕೂರುವ ಸಣ್ಣ ಪೆಟ್ಟಿಗೆ. ಲೈನಿನಲ್ಲಿ ವೋಲ್ಟೇಜ್ ಒಮ್ಮೆಲೇ ಏರಿದಾಗ ಅದನ್ನು ಭೂಮಿಗೆ ದಾಟಿಸುತ್ತದೆ. ಮುಖದ ಮೇಲೆ ಒಂದು ಸಣ್ಣ ಕಿಟಕಿ ಇರುತ್ತದೆ. ಹಸಿರು ಇದ್ದರೆ ಕೆಲಸ ಮಾಡುತ್ತಿದೆ, ಕೆಂಪಾದರೆ ಬದಲಿಸಬೇಕು. ಮನೆಯವರು ಯಾರಾದರೂ ಸಿಡಿಲು ಮಳೆ ಆದ ಮರುದಿನ ಅದನ್ನು ನೋಡುವ ಅಭ್ಯಾಸ ಮಾಡಿಕೊಂಡರೆ ಸಾಕು.

ಸಿಂಗಲ್ ಫೇಸ್ ಮನೆಗೆ ಟೈಪ್ 2 ಎಸ್‌ಪಿಡಿ ಕೆಲವೇ ಸಾವಿರ ರೂಪಾಯಿಯಲ್ಲಿ ಮುಗಿಯುತ್ತದೆ. ಒಂದು ಟಿವಿ ಉಳಿದರೂ ಹಣ ವಾಪಸ್ ಬಂದಂತೆ. ಆದರೆ ಇದು ಲೈನಿನಲ್ಲಿ ಬರುವ ಸಿಡಿಲಿಗೆ ಮಾತ್ರ. ಮಾಡಿಗೆ ನೇರ ಹೊಡೆದರೆ ಇದರಿಂದ ಏನೂ ಆಗದು.

ಇದನ್ನು ಕೂರಿಸುವಾಗ ಆಗುವ ಎರಡು ತಪ್ಪು ಇಡೀ ಕೆಲಸವನ್ನೇ ಹಾಳು ಮಾಡುತ್ತವೆ. ಮೊದಲನೆಯದು ವೈರಿನ ಉದ್ದ. ಲೈನಿನಿಂದ ಎಸ್‌ಪಿಡಿಗೆ, ಅಲ್ಲಿಂದ ಅರ್ತ್ ಪಟ್ಟಿಗೆ ಹೋಗುವ ವೈರ್ ಎರಡೂ ಸೇರಿ ಅರ್ಧ ಮೀಟರ್ ದಾಟಬಾರದು. ಚಂದ ಕಾಣಲಿ ಅಂತ ವೈರನ್ನು ಸುತ್ತಿ ಬಳಸಿ ತಂದರೆ ಆ ಉದ್ದದಲ್ಲೇ ಸಾವಿರಾರು ವೋಲ್ಟ್ ಹುಟ್ಟಿ ಟಿವಿಗೆ ಹೋಗುತ್ತದೆ. ಎರಡನೆಯದು ಜೋಡಣೆಯ ಬಗೆ. ಹಳ್ಳಿಮನೆಗಳಲ್ಲಿ ಹೆಚ್ಚಾಗಿ ನಮ್ಮದೇ ಅರ್ತ್ ಗುಂಡಿ ಇರುತ್ತದೆ, ಲೈನಿನವರ ಅರ್ತ್ ಒಳಗೆ ಬಂದಿರುವುದಿಲ್ಲ. ಅಂಥ ಕಡೆ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಗ್ಯಾಸ್ ಟ್ಯೂಬ್ ಇರುವ, ಅಂಗಡಿಯಲ್ಲಿ 1+1 ಅನ್ನುವ ಮಾದರಿಯೇ ಬೇಕು. ಇದನ್ನು ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿಗಿಂತ ಮೊದಲು ಹಾಕಬೇಕು.

ಬೋರ್‌ವೆಲ್ ಪಂಪ್ ಇದ್ದರೆ ಅದರ ಪ್ಯಾನೆಲ್ಲಿಗೆ ತ್ರೀ ಫೇಸ್ ಎಸ್‌ಪಿಡಿ ಬೇರೆಯೇ ಬೇಕು. ಇಂಟರ್ನೆಟ್ ಫೈಬರ್ ಆದರೆ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಅದರ ಜೊತೆ ಆಧಾರದ ಉಕ್ಕಿನ ತಂತಿ ಇದ್ದರೆ ಮಾತ್ರ ಅದನ್ನು ಮನೆ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ.

ಆಯ್ಕೆ ಎರಡು: ಮಾಡಿನ ಮೇಲೆ ಸಾಮಾನ್ಯ ಕಡ್ಡಿ, ಗೋಡೆಯಲ್ಲಿ ಇಳಿಯುವ ಪಟ್ಟಿ

ಬೆಂಜಮಿನ್ ಫ್ರಾಂಕ್ಲಿನ್ ಕಾಲದಿಂದ ಬಂದಿರುವುದು ಇದೇ. ಮೇಲೆ ಹಿಡಿಯುವ ಕಡ್ಡಿ, ಇಳಿಸುವ ಪಟ್ಟಿ, ಭೂಮಿಗೆ ಹರಡುವ ಅರ್ತಿಂಗ್. ಭಾರತದಲ್ಲಿ ಇದಕ್ಕೆ ಐಎಸ್/ಐಇಸಿ 62305 ಅನ್ನುವ ಮಾನದಂಡ ಇದೆ. ಅದರಲ್ಲಿ ರಕ್ಷಣೆಗೆ ನಾಲ್ಕು ದರ್ಜೆ. ಸಾಮಾನ್ಯವಾಗಿ ಮನೆಗಳಿಗೆ 3ನೇ ಅಥವಾ 4ನೇ ದರ್ಜೆ ಸಾಕಾಗುತ್ತದೆ. ಇಳಿಯುವ ಪಟ್ಟಿಗಳ ನಡುವಿನ ಅಂತರ 3ನೇ ದರ್ಜೆಗೆ ಸುಮಾರು 15 ಮೀಟರ್, 4ನೇ ದರ್ಜೆಗೆ 20 ಮೀಟರ್.

ನಮ್ಮ ಲೆಕ್ಕದ ಮನೆಯ ಸುತ್ತಳತೆ 40 ಮೀಟರ್. ಅಂದರೆ ಎದುರುಬದುರು ಮೂಲೆಗಳಲ್ಲಿ ಎರಡು ಪಟ್ಟಿ ಕನಿಷ್ಠ. ಗುಡ್ಡದ ನೆತ್ತಿಯಾದರೆ ಮೂರು. ಒಂದೇ ಪಟ್ಟಿ ಇಳಿಸಿ ಮುಗಿಸುವವರು ಜಾಸ್ತಿ. ಒಂದರಲ್ಲೇ ಎಲ್ಲಾ ಕರೆಂಟ್ ಇಳಿದರೆ ಪಕ್ಕದ ಕಿಟಕಿ ಸರಳಿಗೋ ಒಳಗಿನ ವೈರಿಗೋ ಹಾರುವ ಸಾಧ್ಯತೆ ಹೆಚ್ಚುತ್ತದೆ. ಎರಡನೇ ಪಟ್ಟಿಗೆ ಬೀಳುವ ಖರ್ಚು ಇಡೀ ಕೆಲಸದಲ್ಲಿ ಸಣ್ಣದು. ಅದನ್ನು ಬಿಡಬೇಡಿ.

ಹೆಂಚಿನ ಮಾಡಿನಲ್ಲಿ ಕೋಡಿನ ಉದ್ದಕ್ಕೂ ಪಟ್ಟಿ ಹಾಯಿಸಿ, ಎರಡೂ ತುದಿಯಲ್ಲಿ ಅರ್ಧದಿಂದ ಒಂದು ಮೀಟರಿನ ಕಡ್ಡಿ ನಿಲ್ಲಿಸುತ್ತಾರೆ. ಹೆಂಚಿಗೆ ಮೊಳೆ ಹೊಡೆಯಬೇಕಿಲ್ಲ. ಕೋಡು ಹೆಂಚನ್ನು ಅಪ್ಪಿ ಹಿಡಿಯುವ ಹಿಡಿಕೆಗಳೂ, ಹೆಂಚಿನ ಅಡಿಗೆ ತೂರಿಸುವ ಹಿಡಿಕೆಗಳೂ ಸಿಗುತ್ತವೆ. ಮೊಳೆ ಹೊಡೆದರೆ ಜೂನ್‌ನಲ್ಲಿ ಸೋರುವುದು ಗ್ಯಾರಂಟಿ. ಸೂರಿನ ಹತ್ತಿರ ಪಟ್ಟಿ ಕೆಳಕ್ಕೆ ತಿರುಗುವ ಜಾಗ ಗಮನಿಸಿ. ಅಲ್ಲಿ ಮಳೆನೀರಿನ ದೋಣಿ ಪೈಪನ್ನು ಸುತ್ತಿ ಬರಲು ಪಟ್ಟಿಯನ್ನು ಯು ಆಕಾರದಲ್ಲಿ ಬಗ್ಗಿಸುವುದುಂಟು. ಸಿಡಿಲು ಆ ಬಳಸು ದಾರಿಯಲ್ಲಿ ಹೋಗದೆ ನಡುವಿನ ಗಾಳಿಯನ್ನೇ ದಾಟಿಬಿಡಬಹುದು. ಪಟ್ಟಿ ಆದಷ್ಟು ನೇರವಾಗಿ, ಬಾಗುವಲ್ಲಿ ದೊಡ್ಡ ತಿರುವಿನಲ್ಲಿ ಇಳಿಯಬೇಕು.

ಡಿಶ್ ಆಂಟೆನಾ, ಸೋಲಾರ್ ಹೀಟರ್, ಸೋಲಾರ್ ಪ್ಯಾನೆಲ್ ಮಾಡಿನ ಮೇಲಿದ್ದರೆ ಅವಕ್ಕಿಂತ ಎತ್ತರದ ಕಡ್ಡಿ ಪಕ್ಕದಲ್ಲಿರಬೇಕು, ಆದರೆ ತಾಗಿಕೊಂಡಿರಬಾರದು. ಇಂಥ ಮನೆಯಲ್ಲಿ ಎರಡು ಪಟ್ಟಿ ಇದ್ದರೆ ಮಾನದಂಡದ ಲೆಕ್ಕಕ್ಕೆ ಗಾಳಿಯಲ್ಲಿ ಸುಮಾರು 20 ಸೆಂ.ಮೀ., ಗೋಡೆಯ ಮೂಲಕ ಸುಮಾರು 40 ಸೆಂ.ಮೀ. ಅಂತರ ಬರುತ್ತದೆ. ಅರ್ಧ ಮೀಟರ್ ಬಿಟ್ಟರೆ ನೆಮ್ಮದಿ.

ಪಟ್ಟಿ ಯಾವ ಲೋಹದ್ದು? ತಾಮ್ರ, ಜಿಐ ಆದರೆ 50, ಅಲ್ಯೂಮಿನಿಯಂ ಆದರೆ 70 ಚದರ ಮಿ.ಮೀ.ಗಿಂತ ಕಡಿಮೆ ಇರಬಾರದು. ಜಿಐ ಅಂದರೆ ಸತು ಲೇಪಿಸಿದ ಕಬ್ಬಿಣ. ಸಾಮಾನ್ಯವಾಗಿ 25×3 ಮಿ.ಮೀ. ಪಟ್ಟಿ ಬಳಸುತ್ತಾರೆ. ಅದು ಮೀಟರಿಗೆ ತಾಮ್ರದಲ್ಲಿ 670 ಗ್ರಾಂ, ಜಿಐನಲ್ಲಿ 590 ಗ್ರಾಂ, ಅಲ್ಯೂಮಿನಿಯಮ್ಮಿನಲ್ಲಿ ಬರೀ 200 ಗ್ರಾಂ ತೂಗುತ್ತದೆ. ಈ ಮನೆಗೆ ಎರಡು ಇಳಿಕೆ ಸೇರಿ ಸುಮಾರು 35 ಮೀಟರ್ ಬೇಕು. ಅಂದರೆ ತಾಮ್ರ 23–24 ಕೆಜಿ, ಜಿಐ 20–21 ಕೆಜಿ, ಅಲ್ಯೂಮಿನಿಯಂ 7 ಕೆಜಿ. ಅಂದಿನ ಕೆಜಿ ದರ ಕೇಳಿ ನೀವೇ ಗುಣಿಸಿ. ತಾಮ್ರದ ದರ ಜಿಐಗಿಂತ ಹತ್ತು ಪಟ್ಟಿನ ಆಸುಪಾಸಿನಲ್ಲಿರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ತೋಟದ ಮನೆಗೆ ತಾಮ್ರ ಬೇಡ. ಸಿಡಿಲನ್ನು ಇಳಿಸುವ ಕೆಲಸ ಜಿಐ ಪಟ್ಟಿಯೂ ಅಷ್ಟೇ ಚೆನ್ನಾಗಿ ಮಾಡುತ್ತದೆ. ಬೀಗ ಹಾಕಿದ ಮನೆಯಿಂದ ತಾಮ್ರ ಕಳುವಾಗುವ ಭಯ ಬೇರೆ. ಕಳುವಾದ ಪಟ್ಟಿ ಮತ್ತೆ ಮಳೆಗಾಲದ ತನಕ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಯೂಮಿನಿಯಂ ಹಗುರ, ತುಕ್ಕು ಹಿಡಿಯದು, ಹಳೇ ಮಾಡಿಗೆ ಭಾರ ಆಗದು. ಆದರೆ ಅದನ್ನು ಮಣ್ಣಿನಲ್ಲಿ ಹೂಳಬಾರದು, ಸುಣ್ಣ ಸಿಮೆಂಟಿನ ಗೋಡೆಗೆ ತಾಗಿಸಬಾರದು. ನೆಲ ಮುಟ್ಟುವ ಮೊದಲು ಸರಿಯಾದ ಜೋಡಿಕೆಯಿಂದ ಜಿಐಗೆ ಬದಲಾಗಬೇಕು. ಕರಾವಳಿಯ ಉಪ್ಪುಗಾಳಿಯಲ್ಲಿ ಮಾತ್ರ ಜಿಐ ಬೇಗ ಸವೆಯುವುದರಿಂದ ಅಲ್ಲಿ ತಾಮ್ರಕ್ಕೆ ಹಣ ಹಾಕುವುದಕ್ಕೆ ಅರ್ಥ ಇದೆ.

ಒಂದು ವಿಷಯ ಈ ಆಯ್ಕೆ ಮಾಡುವವರಿಗೆ ಹೆಚ್ಚಿನವರು ಹೇಳುವುದೇ ಇಲ್ಲ. ಮಾಡಿಗೆ ಕಡ್ಡಿ ಹಾಕಿದ ಮೇಲೆ ಟೈಪ್ 2 ಎಸ್‌ಪಿಡಿ ಸಾಲದು. ಸಿಡಿಲು ಅರ್ತಿಗೆ ಇಳಿದಾಗ ಅದರ ಒಂದು ಪಾಲು ಅರ್ತ್ ಪಟ್ಟಿಯಿಂದ ಮನೆಯ ವೈರಿಂಗಿಗೆ ತಿರುಗಿ ಬರುತ್ತದೆ. ಅದನ್ನು ತಾಳಲು ಟೈಪ್ 1 ಅಥವಾ ಟೈಪ್ 1+2 ಬೇಕು. ಬೆಲೆ ಟೈಪ್ 2ಗಿಂತ ಜಾಸ್ತಿ. ಕಡ್ಡಿಯ ಬಜೆಟ್ಟಿನಲ್ಲಿ ಇದನ್ನೂ ಸೇರಿಸಿಕೊಳ್ಳಿ.

ತಗಡಿನ ಮಾಡಾದರೆ?

ಹೆಂಚು ಸೋರುತ್ತದೆ ಅಂತ ಈಗ ತುಂಬಾ ಜನ ಮೇಲೆ ತಗಡು ಹೊದಿಸಿದ್ದಾರೆ. “ತಗಡೇ ಅರೆಸ್ಟರ್ ಆಗುತ್ತೆ ಅಲ್ವಾ?” ಅರ್ಧ ನಿಜ. ಉಕ್ಕಿನ ತಗಡು ಕನಿಷ್ಠ 0.5 ಮಿ.ಮೀ. ದಪ್ಪ ಇದ್ದು, ಹಾಳೆಗಳು ಒಂದಕ್ಕೊಂದು ಚೆನ್ನಾಗಿ ಕೂಡಿಕೊಂಡು, ಅಡಿಯಲ್ಲಿ ಬೆಂಕಿ ಹತ್ತುವ ವಸ್ತು ಇಲ್ಲದಿದ್ದರೆ ಅದನ್ನೇ ಮೇಲ್ಭಾಗದ ವಾಹಕ ಅಂತ ಲೆಕ್ಕ ಹಿಡಿಯಬಹುದು. ಆದರೆ ಅಷ್ಟು ತೆಳುವಾದ ತಗಡಿನಲ್ಲಿ ಸಿಡಿಲು ತೂತು ಕೊರೆಯುತ್ತದೆ. ತೂತು ಬೀಳದಂತೆ ತಡೆಯಲು ಉಕ್ಕು 4 ಮಿ.ಮೀ. ದಪ್ಪ ಇರಬೇಕು. ಅಡಿಯಲ್ಲಿ ಒಣಗಿದ ಮರದ ಪಕಾಸು, ಅಟ್ಟದಲ್ಲಿ ಅಡಿಕೆ ಮೂಟೆ ಇದ್ದರೆ ತಗಡನ್ನು ನಂಬಬೇಡಿ. ಕೋಡಿನ ಮೇಲೆ ಸಣ್ಣ ಕಡ್ಡಿಗಳನ್ನು ನಿಲ್ಲಿಸಿ, ತಗಡನ್ನೂ ಅದಕ್ಕೇ ಸೇರಿಸಿ ಕೆಳಗಿಳಿಸಿ. ಕಬ್ಬಿಣದ ಕಂಬ, ಕಬ್ಬಿಣದ ಟ್ರಸ್ ಇರುವ ಶೆಡ್ಡಾದರೆ ಕಂಬಗಳ ಬುಡದಲ್ಲಿ ಒಳ್ಳೆ ಅರ್ತಿಂಗ್ ಮಾಡಿದರೆ ಬಹುಪಾಲು ಕೆಲಸ ಮುಗಿಯಿತು.

ಇಂಥ ಮಾಡಿಗೆ ತಾಮ್ರ ಖಂಡಿತ ಬೇಡ. ತಾಮ್ರದ ಮೇಲೆ ಹರಿದ ಮಳೆನೀರು ಸತು ಲೇಪದ ತಗಡನ್ನು ತಿಂದುಹಾಕುತ್ತದೆ.

ಆಯ್ಕೆ ಮೂರು: ಪಕ್ಕದಲ್ಲಿ ಬೇರೆ ಕಂಬ

ಮರದ ಕಾಟೇಜು, ಹುಲ್ಲಿನ ಮಾಡು, ಕೈ ಹಾಕಲು ಭಯವಾಗುವಷ್ಟು ಹಳೇ ಹೆಂಚು, ಇವಕ್ಕೆ ನನಗೆ ಹಿಡಿಸುವ ಆಯ್ಕೆ ಇದು. ಮನೆಯನ್ನು ಮುಟ್ಟದೆ ಒಂದು ಎತ್ತರದ ಜಿಐ ಕಂಬ ನಿಲ್ಲಿಸುವುದು. ಕಂಬದ ತುದಿಯಿಂದ 45 ಡಿಗ್ರಿ ಇಳಿಜಾರಿನ ಒಳಗೆ ಬರುವುದೆಲ್ಲ ರಕ್ಷಣೆಯಲ್ಲಿದೆ ಅನ್ನುವುದು ಹಳೆಯ, ಎಚ್ಚರಿಕೆಯ ಲೆಕ್ಕ.

5×4 ಮೀಟರಿನ, ಕೋಡು 4.5 ಮೀಟರ್, ಸೂರು 2.5 ಮೀಟರ್ ಎತ್ತರದ ಕಾಟೇಜಿಗೆ ಉದ್ದ ಗೋಡೆಯ ಮಧ್ಯಕ್ಕೆ ನೇರವಾಗಿ, 2 ಮೀಟರ್ ಆಚೆ 10 ಮೀಟರಿನ ಕಂಬ ನಿಲ್ಲಿಸಿ. ಕೋಡಿನ ಮಟ್ಟದಲ್ಲಿ ರಕ್ಷಣೆ 5.5 ಮೀಟರ್ ದೂರ ಹರಡುತ್ತದೆ. ಕೋಡಿನ ತುದಿ ಇರುವುದು 4.7 ಮೀಟರ್ ದೂರದಲ್ಲಿ. ಸೂರಿನ ಮಟ್ಟದಲ್ಲಿ 7.5 ಮೀಟರ್ ಸಿಗುತ್ತದೆ, ಆಚೆಯ ಮೂಲೆ ಇರುವುದು 6.5ರಲ್ಲಿ. ಇಡೀ ಕಾಟೇಜು ಒಳಗೆ ಬಂತು. ಎರಡು ಮೂರು ಕಾಟೇಜು ಸಾಲಾಗಿದ್ದರೆ ಎರಡು ಕಂಬ ನಿಲ್ಲಿಸಿ ನಡುವೆ ಮೇಲೆ ತಂತಿ ಎಳೆಯಬಹುದು.

ಇದರ ತೊಂದರೆಯೂ ಇದೆ. ದೊಡ್ಡ ಮನೆಗೆ ಕಂಬ ತುಂಬಾ ಎತ್ತರ ಆಗಬೇಕು, ಗಾಳಿಗೆ ನಿಲ್ಲಲು ಕಾಂಕ್ರೀಟ್ ಬುಡ ಬೇಕು. ಸಿಡಿಲಿನ ಹೊತ್ತಿನಲ್ಲಿ ಕಂಬದ ಹತ್ತಿರ ಯಾರೂ ನಿಲ್ಲದಂತೆ ಜಾಗ ಆರಿಸಬೇಕು. ಅಂಗಳದ ನಡುವೆ, ಮಕ್ಕಳು ಆಡುವಲ್ಲಿ, ದನ ಕಟ್ಟುವಲ್ಲಿ ಬೇಡ.

ಹುಲ್ಲಿನ ಮಾಡಿನ ಮೇಲೆಯೇ ಪಟ್ಟಿ ಹಾಯಿಸುವವರು ಹುಲ್ಲಿನಿಂದ ಕನಿಷ್ಠ 15 ಸೆಂ.ಮೀ., ಮರದ ಗೋಡೆಯಿಂದ 10 ಸೆಂ.ಮೀ. ಎತ್ತಿ ನಿಲ್ಲಿಸಬೇಕು.

ಆಯ್ಕೆ ನಾಲ್ಕು: ‘ಇಡೀ ತೋಟಕ್ಕೆ ಒಂದೇ ಕಂಬ’

ಇಎಸ್‌ಇ ಅನ್ನುವ ಹೆಸರಿನಲ್ಲಿ ಮಾರುವ, ತುದಿಯಲ್ಲಿ ಉಬ್ಬಿದ ಸ್ಟೀಲ್ ತಲೆ ಇರುವ ಅರೆಸ್ಟರ್ ಇದು. ಸಾಮಾನ್ಯ ಕಡ್ಡಿಗಿಂತ ಮೊದಲೇ ಸಿಡಿಲನ್ನು ಸೆಳೆಯುತ್ತದೆ, ಹಾಗಾಗಿ ಹತ್ತಾರು ಮೀಟರ್ ಸುತ್ತ ರಕ್ಷಣೆ ಅನ್ನುತ್ತಾರೆ. ಇದಕ್ಕೆ ಎನ್‌ಎಫ್ ಸಿ 17-102 ಅನ್ನುವ ಫ್ರಾನ್ಸಿನ ಮಾನದಂಡ ಇದೆ ನಿಜ. ಆದರೆ ನಮ್ಮಲ್ಲಿ ಒಪ್ಪಿರುವ 62305 ಮಾನದಂಡ ಆ ಹೆಚ್ಚಿನ ಹರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದರ ಪ್ರಕಾರ ಇದೂ ಅಷ್ಟೇ ಎತ್ತರದ ಒಂದು ಮಾಮೂಲಿ ಕಡ್ಡಿ.

ನಾನು ಇದಕ್ಕೆ ಹಣ ಹಾಕಿ ಅಂತ ಯಾರಿಗೂ ಹೇಳುವುದಿಲ್ಲ. ಬೆಲೆಯ ದೊಡ್ಡ ಪಾಲು ತಲೆಗೇ ಹೋಗುತ್ತದೆ. ಉಳಿದ ಹಣದಲ್ಲಿ ಒಂದೇ ಇಳಿಕೆ, ಒಂದೇ ಗುಂಡಿ ಮಾಡಿ ಮುಗಿಸುತ್ತಾರೆ. ಅದಕ್ಕಿಂತ ಕೆಟ್ಟದ್ದು, “ತೋಟಕ್ಕೆಲ್ಲ ಅರೆಸ್ಟರ್ ಇದೆ” ಅಂತ ನಂಬಿ ಆಳುಗಳು ಗುಡುಗಿನಲ್ಲೂ ಬಯಲಲ್ಲಿ ಕೆಲಸ ಮಾಡುವುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2021ರಲ್ಲಿ ದೇಶದಲ್ಲಿ ಸಿಡಿಲಿಗೆ 2,880 ಜನ ಸತ್ತರು. ಹೊರಗಿರುವವರನ್ನು ಯಾವ ಕಂಬವೂ ಕಾಯುವುದಿಲ್ಲ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ. ಒಳಗೆ ಹೋಗಿ, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಬೇಕು. ಕೆಲಸದವರ ಫೋನಿಗೆ ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ‘ದಾಮಿನಿ’ ಅಥವಾ ‘ಸಿಡಿಲು’ ಆ್ಯಪ್ ಹಾಕಿಕೊಡಿ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಯಾವುದನ್ನೇ ಆರಿಸಿ, ನೆಲದ ಕೆಲಸ ಮೊದಲು

ಮಾಡಿನ ಮೇಲೆ ಎಷ್ಟೇ ದೊಡ್ಡ ದೋಣಿ ಕಟ್ಟಿದರೂ ನೀರು ಹೋಗುವ ಚರಂಡಿ ಮುಚ್ಚಿಹೋಗಿದ್ದರೆ ಅಂಗಳ ತುಂಬುತ್ತದೆ. ಅರ್ತಿಂಗೂ ಹಾಗೇ.

ಒಂದೊಂದು ಇಳಿಕೆಗೂ ಒಂದೊಂದು ಎಲೆಕ್ಟ್ರೋಡ್ ಬೇಕು. ಹೂಳುವ ಕಡ್ಡಿ ಕನಿಷ್ಠ 2.5 ಮೀಟರ್, ಅಂಗಡಿಯಲ್ಲಿ ಸಿಗುವ 3 ಮೀಟರಿನದು ಸರಿ. ಪ್ರತಿರೋಧ 10 ಓಮ್ ಒಳಗೆ ಬರಲಿ ಅನ್ನುವುದು ಗುರಿ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ಇದು ಸುಲಭ ಅಲ್ಲ. ಆಗಸ್ಟ್‌ನಲ್ಲಿ ಅಳೆದರೆ ಒಳ್ಳೆ ಅಂಕಿ ಬರುತ್ತದೆ. ಏಪ್ರಿಲ್‌ನಲ್ಲಿ ನೆಲ ಒಣಗಿ ಕಲ್ಲಾದಾಗ ಅದೇ ಗುಂಡಿಯ ಪ್ರತಿರೋಧ ಎಷ್ಟೋ ಏರಿರುತ್ತದೆ. ಸಿಡಿಲು ಜೋರಾಗಿ ಬರುವುದೂ ಆಗಲೇ. ಹಾಗಾಗಿ ಅಳತೆ ಮಾರ್ಚ್, ಏಪ್ರಿಲ್‌ನಲ್ಲೇ ಆಗಬೇಕು.

ಬಂಡೆ ಸಿಕ್ಕಿ ಕಡ್ಡಿ ಇಳಿಯದಿದ್ದರೆ ಮನೆ ಸುತ್ತ, ಗೋಡೆಯಿಂದ ಒಂದು ಮೀಟರ್ ದೂರದಲ್ಲಿ, ಅರ್ಧ ಮೀಟರಿಗಿಂತ ಆಳಕ್ಕೆ ಪಟ್ಟಿಯ ಉಂಗುರ ಹೂಳಿ. ನಮ್ಮ ಮನೆಗೆ ಸುಮಾರು 48 ಮೀಟರ್ ಬೇಕಾಗುತ್ತದೆ. ಮಣ್ಣಿನೊಳಗೆ 25×3 ಜಿಐ ಪಟ್ಟಿ ಸಾಲದು, 25×6 ಹಾಕಿಸಿ. ಅರ್ತ್ ಗುಂಡಿಗೆ ಇದ್ದಿಲು, ಉಪ್ಪು ತುಂಬುವುದು ಹಳೇ ರೂಢಿ, ಆದರೆ ಆ ಉಪ್ಪು ಜಿಐಯನ್ನು ತಿನ್ನುತ್ತದೆ. ಅದರ ಬದಲು ಬೆಂಟೊನೈಟ್ ಜೇಡಿ ತುಂಬಿದರೆ ತೇವ ಹಿಡಿದಿಡುತ್ತದೆ, ಲೋಹವನ್ನೂ ಕೆಡಿಸುವುದಿಲ್ಲ.

ಎಲೆಕ್ಟ್ರಿಷಿಯನ್ನರು ಕೆಲವರು ಅರೆಸ್ಟರ್ ಅರ್ತ್ ಬೇರೆ, ಮನೆಯ ಅರ್ತ್ ಬೇರೆ ಇರಲಿ ಅನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. ಸಿಡಿಲು ಇಳಿದ ಕ್ಷಣ ಎರಡರ ನಡುವೆ ಭಾರೀ ವೋಲ್ಟೇಜ್ ವ್ಯತ್ಯಾಸ ಬರುತ್ತದೆ. ಅದು ಹಾರುವುದು ನಿಮ್ಮ ಸ್ವಿಚ್ ಬೋರ್ಡಿನಲ್ಲೋ, ನಲ್ಲಿ ಮುಟ್ಟಿದವರ ಮೈಯಲ್ಲೋ. ಗುಂಡಿಗಳು ಎಷ್ಟಾದರೂ ಇರಲಿ, ನೆಲದಲ್ಲಿ ಎಲ್ಲವೂ ಒಂದಕ್ಕೊಂದು ಸೇರಿರಬೇಕು.

ಇಳಿಕೆಯ ಬುಡದಿಂದ 3 ಮೀಟರ್ ಒಳಗೆ ಜನ ಓಡಾಡುವ ಜಾಗ ಇದ್ದರೆ 15 ಸೆಂ.ಮೀ. ದಪ್ಪ ಜಲ್ಲಿ ಹರಡಿ. ಕೊಟ್ಟಿಗೆ ಆ ಕಡೆ ಇದ್ದರೆ ಇಳಿಕೆಯನ್ನೇ ಬೇರೆ ಮೂಲೆಗೆ ಸರಿಸಿ. ದನದ ಮುಂಗಾಲು ಹಿಂಗಾಲಿನ ನಡುವಿನ ದೂರ ಜಾಸ್ತಿ, ನೆಲದಲ್ಲಿ ಹರಡುವ ಕರೆಂಟ್ ಅವಕ್ಕೆ ನಮಗಿಂತ ಬೇಗ ಪ್ರಾಣ ತೆಗೆಯುತ್ತದೆ.

ಹಾಗಾದರೆ ನಿಮಗೆ ಯಾವುದು?

ಊರ ನಡುವೆ, ಎತ್ತರದ ಕಟ್ಟಡಗಳ ಪಕ್ಕದ ತಗ್ಗಿನ ಮನೆಯಾದರೆ ಒಳ್ಳೆ ಅರ್ತಿಂಗ್ ಮತ್ತು ಟೈಪ್ 2 ಎಸ್‌ಪಿಡಿಗೆ ನಿಲ್ಲಿಸಿ. ಕಡ್ಡಿಗೆ ಸುಮ್ನೆ ಖರ್ಚು ಮಾಡಬೇಡಿ. ಗುಡ್ಡದ ಮೇಲೆ ಕುಟುಂಬ ವಾಸವಿರುವ ಹೆಂಚಿನ ಮನೆಗೆ ಜಿಐ ಕಡ್ಡಿ, ಕನಿಷ್ಠ ಎರಡು ಇಳಿಕೆ (ನೆತ್ತಿಯಲ್ಲೇ ಇದ್ದರೆ ಮೂರು), ಟೈಪ್ 1+2 ಎಸ್‌ಪಿಡಿ. ಪೂರ್ತಿ ಹಣ ಒಟ್ಟಿಗೆ ಇಲ್ಲದಿದ್ದರೆ ಈ ವರ್ಷ ಅರ್ತಿಂಗ್ ಮತ್ತು ಟೈಪ್ 1+2 ಎಸ್‌ಪಿಡಿ ಮುಗಿಸಿ, ಮುಂದಿನ ವರ್ಷ ಮಾಡಿನ ಕೆಲಸ ಮಾಡಿ. ತಿರುಗಿಸಿ ಮಾಡಬೇಡಿ. ಅರ್ತಿಂಗ್ ಇಲ್ಲದೆ ನಿಂತ ಕಡ್ಡಿ ಏನೂ ಇಲ್ಲದ್ದಕ್ಕಿಂತ ಅಪಾಯ. ಹೋಂಸ್ಟೇ ಕಾಟೇಜುಗಳಿಗೆ ಬೇರೆ ಕಂಬ. ಹೆಚ್ಚು ದಿನ ಬೀಗ ಹಾಕಿರುವ ಮನೆಗೆ ಅಲ್ಯೂಮಿನಿಯಂ ಅಥವಾ ಜಿಐ ಪಟ್ಟಿ, ಮತ್ತು ಹೊರಡುವಾಗ ಎಲ್ಲಾ ಪ್ಲಗ್ ಕಿತ್ತಿಡುವುದು. ಮೇನ್ ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ವಿಚ್ಚಿನೊಳಗಿನ ಕೆಲವು ಮಿ.ಮೀ. ಸಂದು ಸಿಡಿಲಿಗೆ ಲೆಕ್ಕಕ್ಕಿಲ್ಲ.

ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರಿಗೆ ಕೊಡಿ. “ಅರೆಸ್ಟರ್ ಒಂದು ಸೆಟ್” ಅನ್ನುವ ಒಂದೇ ಸಾಲಿನ ಕೊಟೇಶನ್ ಒಪ್ಪಬೇಡಿ. ಪಟ್ಟಿಯ ಲೋಹ, ಅಗಲ, ದಪ್ಪ, ಎಷ್ಟು ಮೀಟರ್, ಎಷ್ಟು ಇಳಿಕೆ, ಪ್ರತಿ ಇಳಿಕೆಯಲ್ಲೂ ಬಿಚ್ಚಿ ಅಳೆಯಲು ಒಂದು ಟೆಸ್ಟ್ ಕ್ಲ್ಯಾಂಪ್, ಎಸ್‌ಪಿಡಿಯ ಟೈಪ್, ಮನೆಯ ಅರ್ತಿಗೆ ಜೋಡಣೆ, ಬೇಸಿಗೆಯಲ್ಲಿ ನಿಮ್ಮೆದುರಿಗೇ ಮೀಟರ್ ಇಟ್ಟು ಅಳೆದು ತೋರಿಸುವ ಓಮ್ ಲೆಕ್ಕ, ಇಷ್ಟೂ ಕಾಗದದ ಮೇಲೆ ಬರಬೇಕು. ಬರೆದುಕೊಡಲು ಒಪ್ಪದವರು ಎಷ್ಟೇ ಅಗ್ಗಕ್ಕೆ ಬಂದರೂ ಏಣಿ ಹತ್ತಿಸಬೇಡಿ.